ಶೂರ್ಪಾರಕದಲ್ಲಿ ನಾಗರಿಕತೆಯ ಕುರುಹು

ನಾಗರಿಕತೆಯೆಂದರೆ ಮಹಾಸೌಧಗಳ ಸಮೂಹವಷ್ಟೇ ಅಲ್ಲ. ಬೆಳೆದವನ ಅಗತ್ಯವನ್ನು ಮೀರಿ ಧಾನ್ಯವು ಉಳಿದಾಗ ಕುಶಲಕರ್ಮಿಗಳೂ ವರ್ತಕರೂ ಲಿಪಿಕಾರರೂ ಒಂದೆಡೆ ನೆಲಸಿ ನಗರವನ್ನು ಕಟ್ಟುತ್ತಾರೆ. ಗಾರ್ಡನ್ ಚೈಲ್ಡರು 1950ರಲ್ಲಿ ನಿರೂಪಿಸಿದ ಹತ್ತು ಲಕ್ಷಣಗಳಲ್ಲಿ ಹೆಚ್ಚುವರಿ ಉತ್ಪನ್ನ, ಬರಹ, ದೂರದ ವ್ಯಾಪಾರಗಳೂ ಸೇರಿವೆ.

ಹರಪ್ಪೆಗಿಂತ ಬಹುಕಾಲ ಈಚಿನದಾದರೂ, ಈ ಲಕ್ಷಣಗಳನ್ನು ಮುಂಬಯಿಯ ಕನ್ನಡಿಗರು ತಮ್ಮ ನೆರೆಯಲ್ಲಿಯೇ ಕಾಣಬಹುದು. ಇಂದಿನ ನಾಲಾಸೋಪಾರವೇ ಅಂದಿನ ರೇವುಪಟ್ಟಣ ಶೂರ್ಪಾರಕ. 1882ರಲ್ಲಿ ಭಗವಾನಲಾಲ ಇಂದ್ರಜಿಯವರಿಗೆ ಅಲ್ಲಿ ಅಶೋಕನ ಎಂಟನೆಯ ಶಿಲಾಶಾಸನದ ತುಣುಕು ದೊರೆಯಿತು. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲಿರುವುದೂ ಅದೇ ಬ್ರಾಹ್ಮೀ ಲಿಪಿಯೇ. ದೂರದ ಅರಸನ ಮಾತನ್ನು ಹೊತ್ತು ತಂದುದು ಬರಹ.

ಆ ಶಾಸನವು ಹೇಳುವುದಾದರೂ ಏನು? ಬೇಟೆಯ ವಿಹಾರವನ್ನು ತೊರೆದು ಅರಸನು ಧರ್ಮಯಾತ್ರೆಗೆ ಹೊರಟನೆಂಬುದು. ನಗರ, ಬರಹ, ವಾಣಿಜ್ಯಗಳು ನಾಗರಿಕತೆಯ ದೇಹ. ಅಧಿಕಾರವು ತನ್ನನ್ನು ತಾನೇ ಸಂಯಮಿಸಿಕೊಳ್ಳುವುದು ಅದರ ಜೀವ.