ಈಜು ಚಾಂಪಿಯನ್‌ನ ಹಳೆಯ ಪದಕ ಮಾರಾಟಕ್ಕಿದೆಯೇ? ಮುಂಗಡ ಕಳಿಸುವ ಮುನ್ನ ಓದಿ

“ಒಲಿಂಪಿಕ್ಸ್‌ಗೆ ಹೋದ ಈಜುಗಾರ್ತಿ ಚಿಕ್ಕಂದಿನಲ್ಲಿ ಗೆದ್ದ ಅಪ್ಪಟ ಚಿನ್ನದ ಪದಕ. ಈಗಲೇ ಮುಂಗಡ ಕಳಿಸಿ, ಮುಂದೆ ಬೆಲೆ ಹತ್ತುಪಟ್ಟು!” ಆಳಂದ, ಅಫಜಲಪುರ, ಜೇವರ್ಗಿಯ ನಿಮ್ಮ ಗ್ರೂಪಿಗೆ ಇಂಥ ಫಾರ್ವರ್ಡ್ ಬಂದರೆ ಏನು ಮಾಡಬೇಕು?

ಚಿನ್ನದ ಪದಕ ಅಪ್ಪಟ ಚಿನ್ನವೇ?
ಅಲ್ಲ. ಒಲಿಂಪಿಕ್ಸ್‌ನಲ್ಲಿ ಪೂರ್ತಿ ಚಿನ್ನದ ಪದಕ ಕೊಟ್ಟದ್ದು 1912ರಲ್ಲೇ ಕೊನೆ. 2024ರ ಪ್ಯಾರಿಸ್ ಪದಕದ ತೂಕ 529 ಗ್ರಾಂ. ಚಿನ್ನ ಸುಮಾರು 6 ಗ್ರಾಂ ಮಾತ್ರ, ಉಳಿದದ್ದು ಬಹುಪಾಲು ಬೆಳ್ಳಿ. ಮಕ್ಕಳ ಸ್ಪರ್ಧೆಗಳ ಪದಕ ಸಾಮಾನ್ಯವಾಗಿ ಹಿತ್ತಾಳೆ ಅಥವಾ ಸತುವಿನ ಮಿಶ್ರಲೋಹ.

ಪರೀಕ್ಷೆ ಹೇಗೆ?
ಪದಕವನ್ನು ತೂಗಿ. ಅಳತೆ ಗುರುತಿರುವ ಲೋಟದ ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಮಿಲಿ ಏರಿತು ನೋಡಿ. ತೂಕವನ್ನು ಅದರಿಂದ ಭಾಗಿಸಿ. ಚಿನ್ನಕ್ಕೆ 19.3, ಬೆಳ್ಳಿಗೆ 10.5, ಹಿತ್ತಾಳೆಗೆ ಸುಮಾರು 8.5 ಬರುತ್ತದೆ. 85 ಗ್ರಾಂ ಪದಕಕ್ಕೆ ನೀರು 10 ಮಿಲಿ ಏರಿದರೆ ಅದು ಚಿನ್ನವಲ್ಲ. ಅನುಮಾನವಿದ್ದರೆ ಪತ್ತಾರರಿಗೆ ತೋರಿಸಿ.

ಹಾಗಾದರೆ ಬೆಲೆ ಯಾವುದಕ್ಕೆ?
ಲೋಹಕ್ಕಲ್ಲ, ಪುರಾವೆಗೆ. ಬೆಂಗಳೂರಿನ ಧಿನಿಧಿ ದೇಸಿಂಗು 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 7 ಚಿನ್ನ ಗೆದ್ದರು; ಮರುವರ್ಷ 14ನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದರು. ಇಂಥವರ ಮೊದಲ ಪದಕ, ಟೋಪಿ, ಎದೆಚೀಟಿಗೆ ಸಂಗ್ರಾಹಕರು ಬೆಲೆ ಕೊಡಬಹುದು. ಆದರೆ ಯಾವ ಕೂಟ, ಯಾವ ಸ್ಪರ್ಧೆ, ಯಾವ ದಿನ, ಯಾರ ಕೈಯಿಂದ ಬಂತು ಎಂಬುದಕ್ಕೆ ದಾಖಲೆ ಇರಬೇಕು. ಕೂಟದ ಫಲಿತಾಂಶ ಪಟ್ಟಿಯೊಡನೆ ತಾಳೆ ನೋಡಿ. “ಭಾರತದ ಈಜುಗಾರರ ಒಲಿಂಪಿಕ್ ಪದಕ” ಎಂದರೆ ನಂಬಲೇಬೇಡಿ. ಈಜಿನಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಇನ್ನೂ ಬಂದಿಲ್ಲ. 1972ರಲ್ಲಿ ಮುರಳಿಕಾಂತ್ ಪೇಟ್ಕರ್ ಗೆದ್ದ ಚಿನ್ನ ಪ್ಯಾರಾಲಿಂಪಿಕ್ಸ್‌ನದು.

ರಬ್ಬರಿನ ಹಳೆಯ ಈಜುಟೋಪಿಯನ್ನೂ ಗಮನಿಸಿ. ಲೇಟೆಕ್ಸ್ ವರ್ಷ ಕಳೆದಂತೆ ಅಂಟಂಟಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಇಪ್ಪತ್ತು ವರ್ಷ ಬಳಸಿಟ್ಟದ್ದು ಹೊಸದರಂತೆ ಹೊಳೆದರೆ ಪ್ರಶ್ನೆ ಕೇಳಿ.

ವಸ್ತು, ದಾಖಲೆ ಎರಡನ್ನೂ ಕಣ್ಣಾರೆ ನೋಡದೆ ಮುಂಗಡ ಕಳಿಸಬೇಡಿ. ಕಳಿಸಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಿಮ್ಮ ಮನೆಯ ಮಕ್ಕಳೂ ಪದಕ ತಂದಿದ್ದಾರೆಯೇ? ಪ್ರಮಾಣಪತ್ರವನ್ನು ಅದರ ಜೊತೆಗೇ ಇಡಿ. ಕೂಟದ ಹೆಸರು, ದಿನಾಂಕ ಬರೆದ ಚೀಟಿಯೂ ಇರಲಿ. ನಾಳೆ ಆ ಪದಕಕ್ಕೆ ಬೆಲೆ ತರುವುದು ಅದೇ.