ಅರವತ್ತು ನಿಮಿಷಗಳ ಆಟ

ಬಾಲ್ಯದಲ್ಲಿ ನಮ್ಮನ್ನು ಅಂಜಿಸಿದ ವಸ್ತುಗಳು ದೊಡ್ಡವರಾದ ಮೇಲೆ ಚಿಕ್ಕವಾಗಿ ಕಾಣುವುದು ಲೋಕಾನುಭವ. ಏರಲಾರದೆ ನಿಂತಿದ್ದ ಹಿತ್ತಲಿನ ಗೋಡೆಯು ಈಗ ಎದೆಯ ಮಟ್ಟಕ್ಕೂ ಬಾರದು. ದಾಟಲು ಹೆದರುತ್ತಿದ್ದ ಹಳ್ಳವನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತೇವೆ. ಚದುರಂಗದಲ್ಲಿ ನಮ್ಮನ್ನು ತಪ್ಪದೆ ಸೋಲಿಸುತ್ತಿದ್ದ ಸೋದರಮಾವನಿಗೂ ಕಾಲಕ್ರಮದಲ್ಲಿ ಮುಪ್ಪು ಬಂದು ಆತನ ಪಟ್ಟು ಸಡಿಲವಾಗುತ್ತದೆ. ಆದರೆ ಒಂದು ಜಾತಿಯ ಎದುರಾಳಿ ಉಂಟು. ಅವನಿಗೆ ಮುಪ್ಪಿಲ್ಲ, ಮರೆವಿಲ್ಲ, ದಾಕ್ಷಿಣ್ಯವಿಲ್ಲ. ಅವನೇ ಹಳೆಯ ವಿಡಿಯೋ ಗೇಮಿನೊಳಗಿನ ಪಹರೆಯವನು. ಮೂವತ್ತು ವರ್ಷಗಳ ಹಿಂದೆ ಯಾವ ಮೂಲೆಯಲ್ಲಿ ಕತ್ತಿ ಹಿಡಿದು ನಿಂತಿದ್ದನೋ ಇಂದೂ ಅದೇ ಮೂಲೆಯಲ್ಲಿ, ಅದೇ ಬಲದಿಂದ, ನಮಗಾಗಿ ಕಾದಿರುತ್ತಾನೆ. ಬದಲಾಗಿರುವವರು ನಾವು ಮಾತ್ರ. ಆದುದರಿಂದ ಬಾಲ್ಯದಲ್ಲಿ ಗೆಲ್ಲಲಾರದೆ ಬಿಟ್ಟ ಆಟವೊಂದನ್ನು ನಡುವಯಸ್ಸಿನಲ್ಲಿ ಮರಳಿ ಆಡಿ ನೋಡುವುದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲಾಗದು. ನಮ್ಮನ್ನು ನಾವು ಅಳೆದುಕೊಳ್ಳುವುದಕ್ಕೆ ಅದೂ ಒಂದು ಕೋಲು.

ಇಂಥ ಆಟಗಳಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’, ಎಂದರೆ ಪರ್ಷಿಯಾ ದೇಶದ ರಾಜಕುಮಾರ, ಎಂಬುದು ಬಹು ಪ್ರಸಿದ್ಧವಾದುದು. ಅಮೆರಿಕಾ ದೇಶದ ಜೋರ್ಡನ್ ಮೆಕ್ನರ್ ಎಂಬ ತರುಣನು ಇದನ್ನು ರಚಿಸಿದನು. ಬ್ರೋಡರ್‌ಬಂಡ್ ಎಂಬ ಸಂಸ್ಥೆಯವರು ೧೯೮೯ರಲ್ಲಿ ಆಪಲ್ ಟೂ ಎಂಬ ಯಂತ್ರಕ್ಕಾಗಿ ಇದನ್ನು ಪ್ರಕಟಿಸಿದರು. ಆ ಯಂತ್ರದ ಕಾಲವು ಆಗಲೇ ಮುಗಿಯುತ್ತ ಬಂದಿದ್ದುದರಿಂದ ಮೊದಮೊದಲು ಕೊಳ್ಳುವವರು ಕಡಮೆ. ೧೯೯೦ರಲ್ಲಿ ಡಾಸ್ ಪದ್ಧತಿಯ ಕಂಪ್ಯೂಟರುಗಳಿಗೂ, ತರುವಾಯ ಇತರ ಯಂತ್ರಗಳಿಗೂ ಬಂದ ಮೇಲೆ ಅದರ ಕೀರ್ತಿಯು ದೇಶದೇಶಗಳಿಗೆ ಹಬ್ಬಿತು. ನಮ್ಮ ಕಡೆಗೂ ಅದು ಫ್ಲಾಪಿ ತಟ್ಟೆಗಳಲ್ಲಿ ಕೈಯಿಂದ ಕೈಗೆ ದಾಟುತ್ತ ಬಂದು ಸೇರಿತು.

ಕಥೆಯೇನೋ ಸರಳವಾದುದು. ಸುಲ್ತಾನನು ದೂರದ ಯುದ್ಧಕ್ಕೆ ಹೋಗಿರುವ ಸಮಯದಲ್ಲಿ ವಜೀರನಾದ ಜಾಫರನು ರಾಜ್ಯವನ್ನು ವಶಪಡಿಸಿಕೊಂಡು, ರಾಜಕುಮಾರಿಯ ಮುಂದೆ ಮರಳುಗಡಿಯಾರವೊಂದನ್ನು ತಿರುಗಿಸಿಡುತ್ತಾನೆ. ಮರಳು ಇಳಿದು ಮುಗಿಯುವುದರೊಳಗೆ ಆಕೆಯು ಅವನನ್ನು ವರಿಸಬೇಕು, ಇಲ್ಲವೆ ಸಾಯಬೇಕು. ಆಕೆಯು ಪ್ರೀತಿಸಿದ ತರುಣನು ಅರಮನೆಯ ನೆಲಮಾಳಿಗೆಯ ಸೆರೆಯಲ್ಲಿರುವನು. ಆಡುವವನು ಈ ತರುಣನನ್ನು ಹನ್ನೆರಡು ಹಂತಗಳ ಮೂಲಕ ಮೇಲಕ್ಕೆ ಕರೆದೊಯ್ದು ರಾಜಕುಮಾರಿಯನ್ನು ಬಿಡಿಸಬೇಕು. ಇದಕ್ಕಿರುವ ಅವಧಿಯು ಅರವತ್ತು ನಿಮಿಷ. ಇದು ಕಥೆಯೊಳಗಿನ ನಿಮಿಷವಲ್ಲ. ನಮ್ಮ ಗೋಡೆಯ ಗಡಿಯಾರದ ನಿಮಿಷ.

ದಾರಿಯುದ್ದಕ್ಕೂ ಅಪಾಯಗಳು. ಕಾಲಿಟ್ಟೊಡನೆ ಕಳಚಿ ಬೀಳುವ ಹಾಸುಗಲ್ಲುಗಳು, ನೆಲದಿಂದ ಚಿಮ್ಮುವ ಮುಳ್ಳುಗಳು, ಕತ್ತರಿಯಂತೆ ಬಾಯಿ ತೆರೆದು ಮುಚ್ಚುವ ಅಲಗುಗಳು, ಒಂದು ಕಲ್ಲನ್ನು ಮೆಟ್ಟಿದರೆ ತೆರೆದು ಮತ್ತೊಂದನ್ನು ಮೆಟ್ಟಿದರೆ ಮುಚ್ಚುವ ಬಾಗಿಲುಗಳು. ಎರಡು ಅಂತಸ್ತು ಬಿದ್ದರೆ ಪೆಟ್ಟು, ಮೂರು ಅಂತಸ್ತು ಬಿದ್ದರೆ ಮರಣ. ಮೊದಲಲ್ಲಿ ತರುಣನ ಕೈಯಲ್ಲಿ ಕತ್ತಿಯೂ ಇಲ್ಲ. ಬರಿಗೈಯಲ್ಲಿ ಪಹರೆಯವನ ಎದುರಿಗೆ ಹೋದರೆ ಒಂದೇ ಏಟಿಗೆ ಕಥೆ ಮುಗಿಯಿತು.

ಆದರೆ ಈ ಆಟದ ಮುಖ್ಯವಾದ ಕಟ್ಟಳೆಯೊಂದುಂಟು. ವಾಚಕರು ಅದನ್ನು ಗಮನಿಸಬೇಕೆಂದು ಪ್ರಾರ್ಥನೆ. ಆ ಕಾಲದ ಬಹುತೇಕ ಆಟಗಳಲ್ಲಿ ಆಡುವವನಿಗೆ ಮೂರೋ ನಾಲ್ಕೋ ಪ್ರಾಣಗಳನ್ನು ಎಣಿಸಿ ಕೊಟ್ಟಿರುತ್ತಿದ್ದರು. ಅವು ತೀರಿದರೆ ಮತ್ತೆ ಮೊದಲಿನಿಂದ ಆರಂಭ. ಇಲ್ಲಿ ಹಾಗಲ್ಲ. ನೂರು ಸಲ ಸತ್ತರೂ ಆ ಹಂತದ ಬಾಗಿಲಿನಿಂದ ಮತ್ತೆ ಹೊರಡಬಹುದು. ಆದರೆ ಸತ್ತುಹೋದ ನಿಮಿಷಗಳು ಮಾತ್ರ ಹಿಂದಿರುಗುವುದಿಲ್ಲ. ಇಲ್ಲಿ ಸಾವಿಗೆ ಲೆಕ್ಕವಿಲ್ಲ, ಕಾಲಕ್ಕೆ ಲೆಕ್ಕವುಂಟು. ತಪ್ಪನ್ನು ಕ್ಷಮಿಸಿ ಕಾಲವನ್ನು ಕ್ಷಮಿಸದ ಯಜಮಾನನಂತೆ ಈ ಆಟ.

ಈ ಲೇಖಕನು ಇದನ್ನು ಮೊದಲು ನೋಡಿದುದು ಹನ್ನೆರಡನೆಯ ವಯಸ್ಸಿನಲ್ಲಿ, ಕಂಪ್ಯೂಟರ್ ವಿದ್ಯೆಯನ್ನು ಕಲಿಸುವ ಒಂದು ಸಣ್ಣ ತರಗತಿಯಲ್ಲಿ. ಪಾಠ ಮುಗಿದ ತರುವಾಯ ಅರ್ಧ ಗಂಟೆಯ ಮಟ್ಟಿಗೆ ಯಂತ್ರದ ಮುಂದೆ ಕುಳಿತಿರಲು ಅಪ್ಪಣೆಯಿತ್ತು. ಒಂದು ಯಂತ್ರಕ್ಕೆ ನಾಲ್ವರು ಹುಡುಗರು. ಒಬ್ಬನು ಬಾಣದ ಕೀಲಿಗಳನ್ನು ಒತ್ತುವನು. ಇನ್ನೊಬ್ಬನ ಬೆರಳು ಶಿಫ್ಟ್ ಕೀಲಿಯ ಮೇಲೆ. ಈ ಶಿಫ್ಟ್ ಕೀಲಿಯು ಬಹು ಚಮತ್ಕಾರದ್ದು. ಅಂಚನ್ನು ಹಿಡಿದು ನೇತಾಡಲು ಅದೇ, ಔಷಧವನ್ನು ಕುಡಿಯಲು ಅದೇ, ಕತ್ತಿ ಬೀಸಲು ಅದೇ. ಬಾಣದ ಕೀಲಿಯೊಡನೆ ಒತ್ತಿದರೆ ಒಂದೊಂದೇ ಎಚ್ಚರದ ಹೆಜ್ಜೆಯಿಡಲೂ ಅದೇ. ನಮ್ಮ ಗುಂಪಿನಲ್ಲಿ ಆ ಕೀಲಿಯನ್ನು ಹಿಡಿಯುತ್ತಿದ್ದ ಹುಡುಗನ ಕೈ ಅತ್ಯಂತ ಚುರುಕಾದುದು. ಮೂರನೆಯ ಹಂತದಲ್ಲಿ ಎದ್ದು ಬರುವ ಅಸ್ಥಿಪಂಜರವನ್ನು ಕತ್ತಿಯಿಂದ ಕೊಲ್ಲಲಾಗದು, ಹಿಂದೆ ಹಿಂದೆ ನೂಕಿ ಕೆಳಕ್ಕೆ ಕೆಡಹಬೇಕು, ಎಂಬುದನ್ನು ಕಂಡುಹಿಡಿದವನು ಅವನೇ. ಅಷ್ಟರಲ್ಲಿ ಅರ್ಧ ಗಂಟೆಯಾಗಿ, ಯಂತ್ರವನ್ನು ನಂದಿಸುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ. ಒಂದು ವರ್ಷದ ತರುವಾಯ ತಿಂಗಳ ಶುಲ್ಕವನ್ನು ತೆರಲಾರದೆ ಅವನು ತರಗತಿಯನ್ನು ಬಿಟ್ಟನು. ತನಗೆ ಇದು ಹತ್ತುವ ವಿದ್ಯೆಯಲ್ಲ ಎಂದು ಹೇಳಿಕೊಂಡು ಹೋದನು. ನಾವೂ ಅದನ್ನು ನಂಬಿದೆವು.

ಇತ್ತೀಚೆಗೆ ಡಾಸ್‌ಬಾಕ್ಸ್ ಎಂಬ ಸಾಧನದ ಸಹಾಯದಿಂದ ಅದೇ ಆಟವನ್ನು ಹೊಸ ಯಂತ್ರದಲ್ಲಿ ತೆರೆದು, ಮನೆಯವರು ಮಲಗಿದ ಮೇಲೆ ಮೂರು ವಾರಗಳ ಪರಿಯಂತರ ಆಡಲಾಯಿತು. ಮೊದಲ ರಾತ್ರಿಗಳಲ್ಲಿ ಸಂತೋಷಕ್ಕಿಂತ ವ್ಯಥೆಯೇ ಹೆಚ್ಚು. ಕಣ್ಣು ಕಂಡುದನ್ನು ಬೆರಳು ಮಾಡುವಷ್ಟರಲ್ಲಿ ಅಲಗು ಬಾಯಿ ಮುಚ್ಚಿರುತ್ತಿತ್ತು. ಹನ್ನೆರಡು ವರ್ಷದ ಕೈ ನಲವತ್ತು ದಾಟಿದವನಿಗೆ ಮರಳಿ ದೊರೆಯುವುದಿಲ್ಲ. ಆದರೆ ಅದರ ಬದಲಿಗೆ ಬೇರೊಂದು ದೊರೆತಿದ್ದಿತು. ಮುಳ್ಳುಗಳ ಮೇಲೆ ಓಡಿದವನು ಸಾಯುತ್ತಾನೆ, ಮೆಲ್ಲನೆ ಹೆಜ್ಜೆಯಿಟ್ಟು ನಡೆದವನು ಅವುಗಳ ನಡುವೆ ಸುಖವಾಗಿ ದಾಟುತ್ತಾನೆ ಎಂಬುದನ್ನು ಹುಡುಗರ ಅವಸರವು ಕಾಣಗೊಡುತ್ತಿರಲಿಲ್ಲ. ನೆಗೆಯುವುದಕ್ಕೆ ಮುಂಚೆ ಅಂಚಿನವರೆಗೆ ಹೋಗಿ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ಅಳತೆ ನೋಡಿ ನೆಗೆಯುವ ಬುದ್ಧಿಯು ವಯಸ್ಸಿನೊಡನೆ ತಾನಾಗಿ ಬಂದಿರುತ್ತದೆ.

ಈ ಆಟವು ಹೀಗೆ ಅಳತೆಯನ್ನು ಬೇಡುವುದಕ್ಕೆ ಕಾರಣವೂ ಸ್ವಾರಸ್ಯವಾಗಿದೆ. ೧೯೮೫ರಲ್ಲಿ ಮೆಕ್ನರನು ತನ್ನ ತಮ್ಮನಾದ ಡೇವಿಡ್ ಎಂಬ ಹುಡುಗನಿಗೆ ಬಿಳಿಯ ಬಟ್ಟೆ ತೊಡಿಸಿ, ವಾಹನಗಳನ್ನು ನಿಲ್ಲಿಸುವ ಒಂದು ಬಯಲಿನಲ್ಲಿ ಅವನನ್ನು ಓಡಿಸಿ, ನೆಗೆಸಿ, ಹತ್ತಿಸಿ, ಆ ಚಲನೆಯನ್ನು ವಿಡಿಯೋದಲ್ಲಿ ಹಿಡಿದನು. ಬಳಿಕ ಒಂದೊಂದು ಭಂಗಿಯನ್ನೂ ಬಿಡಿಬಿಡಿಯಾಗಿ ತೆಗೆದು, ಗೆರೆಗಳಿಂದ ಬರೆದು ಯಂತ್ರಕ್ಕೆ ಉಣಿಸಿದನು. ಕತ್ತಿಯುದ್ಧದ ಭಂಗಿಗಳಿಗೆ ರಾಬಿನ್ ಹುಡ್ ಕಥೆಯ ೧೯೩೮ರ ಚಲಚ್ಚಿತ್ರದಲ್ಲಿ ಎರಾಲ್ ಫ್ಲಿನ್, ಬ್ಯಾಸಿಲ್ ರಾತ್‌ಬೋನ್ ಎಂಬ ನಟರು ಮಾಡಿದ ಹೋರಾಟವೇ ಆಧಾರವಾಯಿತು. ಹೀಗೆ ಪರದೆಯ ಮೇಲೆ ಓಡುವವನು ಗೊಂಬೆಯಲ್ಲ, ಮೈಭಾರವುಳ್ಳ ನಿಜವಾದ ಹುಡುಗ. ಓಟವನ್ನು ಹಿಡಿಯಲು ಅವನಿಗೆ ಎರಡು ಹೆಜ್ಜೆ ಬೇಕು; ನಿಲ್ಲು ಎಂದರೆ ಜಾರಿ ನಿಲ್ಲುತ್ತಾನೆ. ಕೀಲಿಯೊತ್ತಿದ ಕ್ಷಣದಲ್ಲಿಯೇ ಫಲವನ್ನು ಬಯಸುವವನಿಗೆ ಈ ಆಟ ಒಲಿಯದು. ತಾಳಿದವನು ಬಾಳಿಯಾನು ಎಂಬ ಗಾದೆಯು ಇಲ್ಲಿ ಅಕ್ಷರಶಃ ನಿಜ.

ಎರಡನೆಯ ವಾರದಲ್ಲಿ ಒಂದು ಸಂಗತಿಯು ತಿಳಿದುಬಂದಿತು. ಮೂರನೆಯ ಹಂತದಿಂದ ಮುಂದಕ್ಕೆ, ಕಂಟ್ರೋಲ್ ಮತ್ತು ಜಿ ಎಂಬ ಎರಡು ಕೀಲಿಗಳನ್ನು ಕೂಡಿಸಿ ಒತ್ತಿದರೆ, ತಲುಪಿದ ಹಂತವನ್ನೂ ಉಳಿದ ನಿಮಿಷಗಳನ್ನೂ ಯಂತ್ರವು ಕಾದಿರಿಸಿಕೊಂಡು ಮರುದಿನ ಅಲ್ಲಿಂದಲೇ ಆಡಗೊಡುತ್ತದೆ. ಇದು ಆಟದೊಡನೆ ಮಾರುತ್ತಿದ್ದ ಕೈಪಿಡಿಯಲ್ಲಿ ಇದ್ದ ವಿಷಯ. ಕೈಯಿಂದ ಕೈಗೆ ಬಂದ ಫ್ಲಾಪಿಯೊಡನೆ ಕೈಪಿಡಿ ಬಂದಿರಲಿಲ್ಲ. ವಾಚಕರು ಈಗ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಆಟವು ಅರವತ್ತು ನಿಮಿಷಗಳದು. ಹುಡುಗರಿಗೆ ದೊರೆಯುತ್ತಿದ್ದುದು ಮೂವತ್ತು ನಿಮಿಷ. ಉಳಿಸಿಕೊಳ್ಳುವ ಉಪಾಯ ತಿಳಿಯದು. ಆ ಚುರುಕಾದ ಕೈಯ ಹುಡುಗನು ಎಷ್ಟೇ ಚೆನ್ನಾಗಿ ಆಡಿದರೂ, ದಾರಿಯನ್ನು ಕಲಿಯುವಷ್ಟರಲ್ಲಿ ಅರ್ಧ ಗಂಟೆಯಾಗಿ ಯಂತ್ರ ನಂದುತ್ತಿತ್ತು. ಅವನು ಸೋತುದು ಅಸ್ಥಿಪಂಜರಕ್ಕೂ ಅಲ್ಲ, ಪಹರೆಯವನಿಗೂ ಅಲ್ಲ. ದೊರೆಯದೆಹೋದ ಮೂವತ್ತು ನಿಮಿಷಗಳಿಗೆ. ಆದರೂ ಸೋಲನ್ನು ತನ್ನ ಬುದ್ಧಿಯ ಲೆಕ್ಕಕ್ಕೆ ಬರೆದುಕೊಂಡು ಹೋದನು.

ಆ ಬಾಗಿಲಿನಿಂದ ಮುಂದಿನ ಹಂತಗಳಲ್ಲಿ ಆಟದ ಹೃದಯವಿದೆ. ನಾಲ್ಕನೆಯ ಹಂತದ ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಕನ್ನಡಿಯೊಂದು ನಿಲ್ಲುತ್ತದೆ. ಓಡಿಬಂದು ಅದರೊಳಕ್ಕೇ ನೆಗೆಯಬೇಕು. ಹಾಗೆ ನೆಗೆದಾಗ ಕನ್ನಡಿಯ ಆಚೆಗೆ ರಾಜಕುಮಾರನ ನೆರಳೊಂದು ಹೊರಬಿದ್ದು ಓಡಿಹೋಗುತ್ತದೆ. ಮುಂದಿನ ಹಂತದಲ್ಲಿ ಆ ನೆರಳು ನಮಗಿಂತ ಮೊದಲೇ ಬಂದು ಔಷಧವನ್ನು ಕುಡಿದುಬಿಡುತ್ತದೆ. ಅದರ ಮುಂದಿನದರಲ್ಲಿ ಬಾಗಿಲನ್ನು ಮುಚ್ಚಿ ನಮ್ಮನ್ನು ಪಾತಾಳಕ್ಕೆ ಕೆಡಹುತ್ತದೆ. ಕಟ್ಟಕಡೆಗೆ ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ. ಅದನ್ನು ಇರಿದರೆ ಇರಿದವನಿಗೇ ಗಾಯ. ಕೊಂದರೆ ತನಗೇ ಮರಣ. ಇಲ್ಲಿ ಒಂದೇ ಉಪಾಯ: ಕತ್ತಿಯನ್ನು ಒರೆಗೆ ಸೇರಿಸಿ ಅದರ ಕಡೆಗೆ ನಡೆಯುವುದು. ಆಗ ಇಬ್ಬರೂ ಒಂದಾಗುತ್ತಾರೆ. ಅದಾದ ಬಳಿಕ ಮುಂದೆ ನೆಲವೇ ಇಲ್ಲದಂತೆ ತೋರುವ ಪ್ರಪಾತ. ಧೈರ್ಯದಿಂದ ಓಡಿದವನ ಕಾಲಡಿಯಲ್ಲಿ ಕಲ್ಲುಗಳು ಒಂದೊಂದಾಗಿ ಮೂಡುತ್ತವೆ.

ಈ ನೆರಳಿನ ಹುಟ್ಟು ಬಡತನದಿಂದಾದುದು. ಆಪಲ್ ಯಂತ್ರದ ಸ್ಮರಣಶಕ್ತಿಯು ಅತ್ಯಲ್ಪವಾದುದರಿಂದ ಮತ್ತೊಂದು ಪಾತ್ರದ ಚಿತ್ರಗಳಿಗೆ ಸ್ಥಳವೇ ಉಳಿದಿರಲಿಲ್ಲ. ಆಗ ರಾಜಕುಮಾರನ ಚಿತ್ರಗಳನ್ನೇ ತುಸು ಸರಿಸಿ, ಒಂದರ ಮೇಲೊಂದಿಟ್ಟು, ಮಸುಕಾದ ಪ್ರತಿರೂಪವನ್ನು ಮೆಕ್ನರನು ಮಾಡಿಕೊಂಡನು. ಸ್ಥಳವಿಲ್ಲದ ಮನೆಯಲ್ಲಿ ಗೃಹಿಣಿಯು ಒಂದೇ ಪಾತ್ರೆಯಿಂದ ಎರಡು ಅಡುಗೆಗಳನ್ನು ತೂಗಿಸುವಂತೆ! ಆ ಕೊರತೆಯಿಂದಲೇ ಆಟಕ್ಕೆ ಅದರ ಅರ್ಥವು ಒದಗಿಬಂದಿತು. ನಡುವಯಸ್ಸಿನಲ್ಲಿ ಮರಳಿ ಆಡುವವನಿಗೆ ಈ ಹಂತವು ಬೇರೊಂದು ಬಗೆಯಾಗಿ ಮುಟ್ಟುತ್ತದೆ. ನಮ್ಮ ನಮ್ಮ ಹಿಂದೆ ಸೋತುಹೋದ ಹುಡುಗನೊಬ್ಬನ ನೆರಳು ಇದ್ದೇ ಇರುತ್ತದೆ. ಅವನೊಡನೆ ಜಗಳವಾಡಿ ಬರುವ ಭಾಗ್ಯವೇನು? ಕತ್ತಿಯನ್ನು ಕೆಳಗಿಡುವುದೇ ಲೇಸು.

ಈಚಿನ ಸೌಕರ್ಯಗಳ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಇಂದು ಯಾವ ಕಲ್ಲು ಎಲ್ಲಿ ಕಳಚುವುದೆಂಬ ನಕ್ಷೆಗಳು ದೊರೆಯುತ್ತವೆ. ಇತರರು ಆಡಿದುದನ್ನು ಕುಳಿತು ನೋಡಬಹುದು. ಹೆಜ್ಜೆಹೆಜ್ಜೆಗೂ ಆಟವನ್ನು ಕಾದಿರಿಸುವ ಸಾಧನಗಳೂ ಉಂಟು. ಬಿಡುವಿಲ್ಲದ ಸಂಸಾರಿಯು ಇವುಗಳಲ್ಲಿ ಯಾವುದನ್ನು ಬಳಸಿದರೂ ಆಕ್ಷೇಪಿಸತಕ್ಕದ್ದಿಲ್ಲ. ಆದರೆ ಹೆಜ್ಜೆಗೊಮ್ಮೆ ಕಾದಿರಿಸಿದರೆ ಮರಳುಗಡಿಯಾರವೇ ನಿಂತುಹೋಗುತ್ತದೆ. ಅದು ನಿಂತ ಮೇಲೆ ನೆಗೆತಕ್ಕೆ ಬೆಲೆಯಿಲ್ಲ. ಹಂತಕ್ಕೊಮ್ಮೆ ಕಾದಿರಿಸಿ ಆಡಿದಲ್ಲಿ ರುಚಿಯೂ ಉಳಿಯುವುದು, ನಿದ್ರೆಯೂ ಉಳಿಯುವುದು. ಹಾಗೆ ಆಡಿ, ನಾಲ್ಕು ನಿಮಿಷಗಳು ಮಿಕ್ಕಿರುವಾಗ ಜಾಫರನು ಬಿದ್ದನು.

ಈ ಆಟವು ಒಂದು ಮನೆತನದ ಕೆಲಸವೆಂಬುದನ್ನೂ ಗೃಹಸ್ಥರು ನೆನೆಯಬೇಕು. ಓಡಿದವನು ತಮ್ಮ, ಸಂಗೀತವನ್ನು ಕಟ್ಟಿಕೊಟ್ಟವನು ತಂದೆ ಫ್ರಾನ್ಸಿಸ್ ಮೆಕ್ನರ್. ಅಷ್ಟೇ ಅಲ್ಲ, ಬಹುಕಾಲದಿಂದ ಕಳೆದುಹೋಯಿತೆಂದು ತಿಳಿದಿದ್ದ ಆಟದ ಮೂಲ ಬರವಣಿಗೆಯ ಫ್ಲಾಪಿಗಳನ್ನು ೧೯೧೨ರಲ್ಲಲ್ಲ, ನಮ್ಮ ಕಣ್ಣೆದುರಿನ ೨೦೧೨ರಲ್ಲಿ, ಮನೆಯ ಕಪಾಟಿನ ಪೆಟ್ಟಿಗೆಯೊಂದರಲ್ಲಿ ಕಂಡು ಮಗನಿಗೆ ಮುಟ್ಟಿಸಿದವನೂ ಆ ತಂದೆಯೇ. ಇಪ್ಪತ್ತು ವರ್ಷಗಳಿಗೂ ಹಳೆಯದಾದ ಆ ತಟ್ಟೆಗಳನ್ನು ಬಲ್ಲವರು ಜೋಪಾನವಾಗಿ ಓದಿ ತೆಗೆದರು. ಮಗನು ಅದನ್ನು ಎಲ್ಲರಿಗೂ ನೋಡಲು ಬಿಟ್ಟುಕೊಟ್ಟನು. ತಮ್ಮನನ್ನು ಬಯಲಿನಲ್ಲಿ ಓಡಿಸುತ್ತ, ನಾಲ್ಕು ವರ್ಷಗಳ ಕಾಲ ಒಂದೇ ಆಟದ ಹಿಂದೆ ಬಿದ್ದಿದ್ದ ಮಗನಿಗೆ ಆ ಮನೆಯಲ್ಲಿ ಕಾಲವು ದೊರೆಯಿತು.

ಮಕ್ಕಳ ಕೈಯಲ್ಲಿರುವ ಆಟಗಳೆಲ್ಲ ಒಳ್ಳೆಯವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಇಂದಿನ ಮೊಬೈಲ್ ಆಟಗಳಲ್ಲಿ ಅನೇಕವು ಮುಗಿಯಲೇಬಾರದೆಂದು ರಚಿಸಲ್ಪಟ್ಟವು. ಅವು ಮಗುವಿನ ಕಾಲವನ್ನು ತಿನ್ನುತ್ತವೆ. ಕೊನೆಯುಳ್ಳ, ಕಠಿನವಾದ, ಬಿದ್ದರೆ ಮತ್ತೆ ಏಳಗೊಡುವ ಆಟದ ಗುಣವೇ ಬೇರೆ. ಆಟವಾಗಲಿ, ಗಣಿತವಾಗಲಿ, ವೀಣೆಯಾಗಲಿ, ಮಗುವು ಗೆಲ್ಲಲಿಲ್ಲವೆಂದು ಕಂಡಾಗ ಅದು ಎಷ್ಟು ಸಲ ಬಿದ್ದಿತೆಂದು ಎಣಿಸುವುದು ನಮ್ಮ ವಾಡಿಕೆ. ಬೀಳುವುದು ಅಗ್ಗದ ವಸ್ತು. ಅದನ್ನು ಎಣಿಸಿ ಫಲವಿಲ್ಲ. ಅರವತ್ತು ನಿಮಿಷಗಳ ಕೆಲಸಕ್ಕೆ ನಾವು ಎಷ್ಟು ನಿಮಿಷಗಳನ್ನು ಕೊಟ್ಟಿದ್ದೆವು, ದಾರಿ ತೋರುವ ಕೈಪಿಡಿಯು ಅದರ ಕೈಗೆ ಬಂದಿತ್ತೆ ಇಲ್ಲವೆ, ಎಂಬುದನ್ನು ಮೊದಲು ವಿಚಾರಿಸೋಣ. ತನಗೆ ಹತ್ತುವ ವಿದ್ಯೆಯಲ್ಲ ಎಂದು ಯಾವ ಮಗುವೂ ಹೇಳಿಕೊಂಡು ಹೋಗುವುದಕ್ಕೆ ಮುಂಚೆ ಆ ಲೆಕ್ಕವು ನಮ್ಮಿಂದ ಆಗಬೇಕು.