ಪಿಕಪ್ಪಿನೊಳಗೆ ಕೊಳೆತ ಮೊಟ್ಟೆಯ ವಾಸನೆ ಏಕೆ?

ಪ್ರಶ್ನೆ: ರಬ್ಬರ್ ಸಾಗಿಸುವ ನನ್ನ ಪಿಕಪ್ಪಿನಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ. ಎಷ್ಟು ತೊಳೆದರೂ ಹೋಗುತ್ತಿಲ್ಲ. ಕಾರಣವೇನು?
– ಓದುಗರು, ಸುಬ್ರಹ್ಮಣ್ಯ

ಉತ್ತರ: ಮೊದಲ ಅನುಮಾನ ರಬ್ಬರ್ ಸ್ಕ್ರ್ಯಾಪ್ ಮೇಲೆಯೇ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನನ್ನು ಬ್ಯಾಕ್ಟೀರಿಯಾ ಕೊಳೆಸುವುದರಿಂದ ಆ ನಾತ. ಹಲಗೆಯ ಸಂದಿಯಲ್ಲಿ ಒಂದು ತುಣುಕು ಸಿಕ್ಕಿಕೊಂಡಿದ್ದರೂ ಸಾಕು, ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಕೆರೆದು ತೆಗೆದು, ಸೋಪು ನೀರಿನಲ್ಲಿ ಉಜ್ಜಿ, ಬಿಸಿಲಿಗೆ ನಿಲ್ಲಿಸಿ.

ಖಾಲಿ ಗಾಡಿಯಲ್ಲೂ, ಎಂಜಿನ್ ಓಡುವಾಗ ವಾಸನೆ ಜೋರಾದರೆ ಬ್ಯಾಟರಿ ನೋಡಿಸಿ. ಎಂಜಿನ್ ಚಾಲೂ ಇರುವಾಗ ಅದರ ತುದಿಗಳಲ್ಲಿ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರಬಹುದು. ಅತಿಯಾಗಿ ಚಾರ್ಜ್ ಆದ ಬ್ಯಾಟರಿ ಬಿಸಿಯೇರಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಇದು ವಿಷಾನಿಲ. ಜತೆಗೆ ಹೊಮ್ಮುವ ಹೈಡ್ರೋಜನ್ ಒಂದು ಕಿಡಿಗೇ ಸಿಡಿಯಬಲ್ಲದು. ಎಂಜಿನ್ ನಿಲ್ಲಿಸಿ, ಕಿಟಕಿ ತೆರೆದು ಹೊರಬನ್ನಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ಸಿಹಿ ವಾಸನೆಯಾದರೆ ಕೂಲಂಟ್ ಸೋರಿಕೆ. ಬಿಸಿಲೆ ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂದರೆ ಬ್ರೇಕ್ ಕಾದಿದೆ ಎಂದರ್ಥ: ನಿಲ್ಲಿಸಿ ಆರಲು ಬಿಡಿ, ಮತ್ತೆ ಕೆಳ ಗೇರಿನಲ್ಲೇ ಇಳಿಯಿರಿ.

ಸುಗಂಧದ ಡಬ್ಬಿ ತೂಗುಹಾಕಬೇಡಿ. ಅದು ಎಚ್ಚರಿಕೆಯನ್ನು ಮುಚ್ಚಿಹಾಕುತ್ತದೆ.